ಹಸ್ತಪ್ರತಿಯ ಜೊತೆ ಬರುವ ಒಂದು ಪುಟ

ಒಂಬತ್ತು ವರ್ಷದಿಂದ ಬೆಂಗಳೂರಿನ ಒಂದು ಪ್ರಕಾಶನದಲ್ಲಿ ಹಸ್ತಪ್ರತಿ ಓದುವ ಕೆಲಸ ಮಾಡುತ್ತಿದ್ದೇನೆ. ನನ್ನಿಂದ ಆದ ಒಂದು ತಪ್ಪನ್ನು ಮೊದಲು ಹೇಳಬೇಕು.

ನಿವೃತ್ತ ಸರ್ವೇಯರ್ ಒಬ್ಬರು ಕಾದಂಬರಿ ಕಳಿಸಿದ್ದರು. ಜೊತೆಗೆ ಮೂರು ಪುಟದ ಪತ್ರ. ಯಾವ ಸಂಘ ಸನ್ಮಾನ ಮಾಡಿತು, ಯಾವ ಹಿರಿಯರು ಮೆಚ್ಚಿದರು, ಯಾವ ಕವಿಗೋಷ್ಠಿಗೆ ಕರೆದಿದ್ದರು, ಎಲ್ಲ ಇತ್ತು. ಕಾದಂಬರಿ ಯಾವುದರ ಬಗ್ಗೆ ಅನ್ನೋದು ಮಾತ್ರ ಇರಲಿಲ್ಲ. ಫೈಲ್ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದರು, ಆ ಫಾಂಟ್ ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ಆಮೇಲೆ ನೋಡೋಣ ಅಂತ ಪಕ್ಕಕ್ಕಿಟ್ಟೆ. ಹಾಗೇ ಐದು ತಿಂಗಳು ಕಳೆಯಿತು.

ಒಂದು ದಿನ ಅವರೇ ಫೋನ್ ಮಾಡಿದರು. ರೇಗಲಿಲ್ಲ, ಮೆಲ್ಲಗೆ ಕೇಳಿದರು. ನನಗೆ ನಾಚಿಕೆಯಾಯಿತು. "ಕಥೆ ಯಾವುದರ ಬಗ್ಗೆ ಸಾರ್?" ಅಂದೆ.

"ಮೇಡಂ, ಮೂವತ್ತು ವರ್ಷ ಊರೂರು ಸುತ್ತಿ ಹೊಲ ಅಳೆದಿದ್ದೀನಿ. ಎರಡು ಗುಂಟೆ ಜಾಗಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರ ಕಥೆ ಇದು. ನಾನು ಹದ್ದುಬಸ್ತು ಮಾಡಿ, ಕಲ್ಲು ನೆಡಿಸಿ ಬಂದುಬಿಡ್ತಿದ್ದೆ. ಆಮೇಲೆ ಆ ಮನೇಲಿ ಏನಾಯ್ತು ಅನ್ನೋದನ್ನ ಬರೆದಿದ್ದೀನಿ."

"ಇದನ್ನೇ ಪತ್ರದಲ್ಲಿ ಯಾಕೆ ಬರೀಲಿಲ್ಲ ಸಾರ್?"

"ಇದನ್ನೆಲ್ಲ ಪತ್ರದಲ್ಲಿ ಬರೀಬಹುದಾ ಮೇಡಂ?"

ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಎಷ್ಟೋ ಲೇಖಕರು ಹೀಗೇ ಅಂದುಕೊಂಡಿದ್ದಾರೆ. ಅಮೆರಿಕ, ಬ್ರಿಟನ್‌ನಲ್ಲಿ ಇಂಗ್ಲಿಷ್ ಲೇಖಕರು ಸಾಮಾನ್ಯವಾಗಿ ಮೊದಲು ಏಜೆಂಟರಿಗೆ ಬರೆಯುತ್ತಾರೆ. ಏಜೆಂಟ್ ಒಪ್ಪಿದರೆ ಪ್ರಕಾಶಕರ ಹತ್ತಿರ ಅವರೇ ಮಾತಾಡುತ್ತಾರೆ. ಲೇಖಕರ ಗಳಿಕೆಯಲ್ಲಿ ಸಾಮಾನ್ಯವಾಗಿ ಶೇಕಡಾ 15 ಅವರದು. ಕನ್ನಡದಲ್ಲಿ ಆ ಪದ್ಧತಿ ಬೆಳೆದಿಲ್ಲ, ಲೇಖಕರು ನೇರವಾಗಿ ನಮಗೇ ಬರೆಯುತ್ತಾರೆ. ನಿಮ್ಮ ಪರವಾಗಿ ಮಾತಾಡೋಕೆ ಆ ಪತ್ರ ಬಿಟ್ಟರೆ ಬೇರೆ ಯಾರೂ ಇರೋದಿಲ್ಲ.

ಹಾಗಾಗಿ ಕಥೆ ಯಾರದು, ಎಲ್ಲಿ ನಡೆಯುತ್ತದೆ, ನೀವೇ ಯಾಕೆ ಬರೆದಿರಿ ಅಂತ ನಾಲ್ಕೈದು ಸಾಲು ಬರೆಯಿರಿ. ಎಷ್ಟು ಪದ ಅಂತ ಖಂಡಿತ ಹೇಳಿ. ಅಕ್ಷರದ ಗಾತ್ರ ಹೆಚ್ಚಿಸಿದರೆ 100 ಪುಟ 150 ಆಗುತ್ತದೆ, ಅದಕ್ಕೇ ಪುಟದ ಲೆಕ್ಕ ಸಾಲದು. ಮುದ್ರಣದ ಖರ್ಚನ್ನು ನಾವು ಫಾರಂ ಲೆಕ್ಕದಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟದ ಒಂದೊಂದು ಕಂತಿನ ಲೆಕ್ಕದಲ್ಲಿ ಹಾಕುತ್ತೇವೆ. ಪದ ಗೊತ್ತಾದರೆ ಎಷ್ಟು ಫಾರಂ ಅಂತ ಅಂದಾಜು ಸಿಗುತ್ತದೆ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದರೆ, ಇನ್ನೊಬ್ಬ ಪ್ರಕಾಶಕರಿಗೂ ಕೊಟ್ಟಿದ್ದರೆ ಅದನ್ನೂ ತಿಳಿಸಿ. ಮುನ್ನುಡಿ ಮಾತ್ರ ಈಗಲೇ ಬೇಡ. ದೊಡ್ಡವರ ಹತ್ತಿರ ಬರೆಸಿಕೊಂಡು, ಕೊನೆಗೆ ಪುಸ್ತಕವೇ ಬರದಿದ್ದರೆ ಅವರ ಮುಂದೆ ನಿಮಗೆ ಮುಜುಗರ ಅಲ್ವಾ?

ಟೈಪ್ ಮಾಡುವುದು ಯುನಿಕೋಡ್‌ನಲ್ಲೇ ಇರಲಿ, ಅದಕ್ಕೆ ನಿಮ್ಮದೇ ಫಾಂಟ್ ನಮ್ಮ ಕಂಪ್ಯೂಟರಿನಲ್ಲಿ ಇರಬೇಕೆಂದಿಲ್ಲ. ಹಳೆಯ ಫಾಂಟ್‌ನಿಂದ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಸರ್ವೇಯರ್ ಅವರ ಕಾದಂಬರಿಯಲ್ಲಿ ಅದನ್ನು ತಿದ್ದೋಕೇ ಎರಡು ವಾರ ಹಿಡಿಯಿತು. ವರ್ಡ್ ಫೈಲ್ ಜೊತೆ ಒಂದು ಪಿಡಿಎಫ್ ಕಳಿಸಿದರೆ ಮೂಲ ಹೇಗಿತ್ತು ಅಂತ ನಾವು ನೋಡಿಕೊಳ್ಳಬಹುದು.

ನಾನೂ ಈಗ ಪತ್ರ ಸರಿಯಿಲ್ಲ ಅಂತ ಯಾವುದನ್ನೂ ಪಕ್ಕಕ್ಕಿಡುವುದಿಲ್ಲ. ಕರೆ ಮಾಡಿ, ಕಥೆ ಯಾವುದರ ಬಗ್ಗೆ ಅಂತ ಕೇಳುತ್ತೇನೆ. ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳುತ್ತೇನೆ. ಸರ್ವೇಯರ್ ಅವರ ಪುಸ್ತಕಕ್ಕೆ ಬೆನ್ನುಡಿ ಬೇರೆ ಬರೆಸಲಿಲ್ಲ. ಅವತ್ತು ಫೋನಿನಲ್ಲಿ ಹೇಳಿದ ಮಾತನ್ನೇ, ಅವರ ಒಪ್ಪಿಗೆ ಕೇಳಿ, ಹಾಗೇ ಅಚ್ಚು ಹಾಕಿದೆವು.