ಹದ ನೋಡಿ ಬಿತ್ತುವ ರಾಗಿ

ಮಳೆಯನ್ನೇ ನೆಚ್ಚಿದ ಬೆದ್ದಲು ಹೊಲದ ರಾಗಿಗೆ ತಾರೀಕು ಗೊತ್ತು ಮಾಡುವವರು ಸಾಮಾನ್ಯವಾಗಿ ಹೊಸದಾಗಿ ಹೊಲಕ್ಕಿಳಿದವರು. ಜುಲೈ 10ಕ್ಕೆ ಬಿತ್ತನೆ ಅಂತ ಬರೆದಿಟ್ಟುಕೊಂಡು, ಟ್ರ್ಯಾಕ್ಟರಿಗೆ ಮುಂಗಡ ಕೊಟ್ಟು, ಭಾನುವಾರ ಬೆಂಗಳೂರಿಂದ ಬಂದಿಳಿಯುತ್ತಾರೆ. ಮಳೆ ಮಾತ್ರ ಬಂದಿರುವುದಿಲ್ಲ.

ಹಳಬರಿಗೂ ಲೆಕ್ಕ ಇತ್ತು. ಒಂದೊಂದು ಮಳೆ ನಕ್ಷತ್ರಕ್ಕೆ 13–14 ದಿನ. ಜೂನ್ 22ರ ಸುಮಾರಿಗೆ ಆರಿದ್ರೆ, ಆಮೇಲೆ ಪುನರ್ವಸು, ಪುಷ್ಯ. 'ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ' ಅಂದವರೇ, ಆರಿದ್ರೆ ಹುಟ್ಟಿತು ಅಂತ ಧೂಳಿಗೆ ಬೀಜ ಬಿಟ್ಟವರಲ್ಲ. ನಕ್ಷತ್ರ ನೋಡಿ ಸಾಲಿಗೆ ಬೀಜ ಬಿಡುವ ಕೂರಿಗೆ ಸರಿಮಾಡಿಕೊಳ್ಳುತ್ತಿದ್ದರು, ಮಣ್ಣಿನ ತೇವದ ಹದ ನೋಡಿ ಎತ್ತು ಕಟ್ಟುತ್ತಿದ್ದರು.

ಹದ ನೋಡುವುದು ಹೀಗೆ. ಮೇಲಿನ ಎರಡು ಬೆರಳು ಮಣ್ಣು ಸರಿಸಿ, ಕೆಳಗಿನ ಮಣ್ಣನ್ನು ಹಿಡಿಯಷ್ಟು ತೆಗೆದು ಅದುಮಬೇಕು. ಉಂಡೆ ಕಟ್ಟಬೇಕು, ಸೊಂಟದೆತ್ತರದಿಂದ ಬಿಟ್ಟರೆ ಪುಡಿಪುಡಿಯಾಗಿ ಒಡೆಯಬೇಕು. ಉಂಡೆಯೇ ಕಟ್ಟದಿದ್ದರೆ ತೇವ ಸಾಲದು. ಅಂಗೈಗೆ ಅಂಟಿ ಮಿರುಗಿದರೆ ಹೆಚ್ಚಾಯಿತು: ಕೂರಿಗೆಯ ಕೊಳವೆಗೆ ಮಣ್ಣು ಮೆತ್ತಿ ಬೀಜ ಬೀಳದೆ ಸಾಲು ಖಾಲಿ ಹೋಗುತ್ತದೆ, ಮೊಳಕೆ ಬಂದ ಮೇಲೇ ಅದು ಗೊತ್ತಾಗುವುದು. ಕೆಂಪು ಮಣ್ಣಿನಲ್ಲಿ ಬಿಸಿಲು ಬಿದ್ದರೆ ಈ ಹದ ಎರಡು ಮೂರು ದಿನಕ್ಕಿಂತ ನಿಲ್ಲುವುದಿಲ್ಲ. ಭಾನುವಾರದವರೆಗೆ ಕಾಯುವವರಿಗೆ ಅದು ದಕ್ಕುವುದು ಅಪರೂಪ.

ಎಕರೆಗೆ 4–5 ಕಿಲೋ ಬೀಜ, ಸಾಲಿನ ನಡುವೆ ಒಂದು ಅಡಿ, ಆಳ ಒಂದು ಅಂಗುಲ. ರಾಗಿ ಕಾಳು ಸಣ್ಣದು, ಇನ್ನೂ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವಷ್ಟು ಕಸುವು ಅದರಲ್ಲಿಲ್ಲ. ಬಿತ್ತಿದ ಮಾರನೆಯ ದಿನವೇ ಜಡಿಮಳೆ ಹೊಡೆದು ಆಮೇಲೆ ಬಿಸಿಲು ಕಾದರೆ ಮೇಲ್ಮಣ್ಣು ಚಕ್ಕೆ ಕಟ್ಟುತ್ತದೆ. ಮುಳ್ಳುಕೊಂಬೆಯನ್ನು ಹಗುರವಾಗಿ ಎಳೆದು ಆ ಚಕ್ಕೆ ಒಡೆಯಬೇಕು.

ಮಳೆ ತಡವಾದರೆ ಬದಲಾಗಬೇಕಾದದ್ದು ತಳಿ. ಎಂ.ಆರ್. 6ರಂಥ, ಮಾಗಲು 120 ದಿನ ದಾಟುವ ತಳಿಗೆ ಜುಲೈ ಮುಗಿಯುವುದರೊಳಗೆ ಬಿತ್ತನೆ ಆಗಬೇಕು. ಆಗಸ್ಟ್ ನಡುವಿನವರೆಗೆ 110–115 ದಿನದ ಜಿ.ಪಿ.ಯು. 28, ಅದೂ ಮೀರಿದರೆ 95–100 ದಿನದ ಜಿ.ಪಿ.ಯು. 48. ಆಗಸ್ಟಿನ ಕೊನೆಗೆ ದೀರ್ಘಾವಧಿ ತಳಿ ಬಿತ್ತಿದರೆ ಕಾಳು ಕಟ್ಟುವ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಚಳಿ ಬಂದಿರುತ್ತದೆ, ತೆನೆ ಜೊಳ್ಳು. ಆತುರಪಟ್ಟು ಜೂನ್ ಮೊದಲಿಗೇ ಅಲ್ಪಾವಧಿ ತಳಿ ಬಿತ್ತಿದರೆ, ಬೆಂಗಳೂರು–ಕೋಲಾರದ ಕಡೆ ಜೋರು ಮಳೆಯ ಸೆಪ್ಟೆಂಬರಿನಲ್ಲಿ ತೆನೆ ಮಾಗಿ, ನಿಂತಲ್ಲೇ ಮೊಳೆಯುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ, ಬೇರೆ ಬೇರೆ ಅವಧಿಯ ಇಂಡಾಫ್ ತಳಿಗಳನ್ನು ಕೊಟ್ಟಿದ್ದು ಇಂಥ ಹೊಲಗಳಿಗೆ ಎಷ್ಟು ದೊಡ್ಡ ಉಪಕಾರ ಎಂಬುದು ಮಳೆ ಕೈಕೊಟ್ಟ ವರ್ಷ ಅರ್ಥವಾಗುತ್ತದೆ.

ಹಾಗಾಗಿ ಮಳೆಯನ್ನು ನೆಚ್ಚುವುದೆಂದರೆ ಕೈಕಟ್ಟಿ ಕೂರುವುದಲ್ಲ. ಮನೆಯಲ್ಲಿ ಎರಡು ಅವಧಿಯ ಬೀಜ ಇರಬೇಕು, ಜೊತೆಗೆ ಸೇರು ಹುರುಳಿಯೂ ಇರಬೇಕು. ರಾಗಿಯ ಕಾಲವೇ ಮೀರಿದರೆ ಹುರುಳಿಯೇ ಗತಿ. ನೀರಿನ ಆಸರೆ ಇದ್ದವರು ಒಂದು ಮೂಲೆಯಲ್ಲಿ ಪೈರು ಬಿಟ್ಟುಕೊಂಡು, 21–25 ದಿನಕ್ಕೆ ಮಳೆ ನೋಡಿ ನಾಟಿ ಹಾಕಬಹುದು.

ಪೈರು ಎದ್ದ ಮೇಲೆ ಕೊಡುವ ಮೇಲುಗೊಬ್ಬರದಲ್ಲೂ ತಾರೀಕು ನೋಡುವ ಇದೇ ತಪ್ಪು. 30ನೇ ದಿನ ಯೂರಿಯಾ ಅಂತ ಓದಿದವರು ಆ ದಿನವೇ ಒಣನೆಲಕ್ಕೆ ಚೆಲ್ಲುತ್ತಾರೆ, ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಐದಾರು ದಿನ ಹಿಂದುಮುಂದಾದರೂ ಚಿಂತೆಯಿಲ್ಲ, ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಹೊಡೆದು, ನೆಲದಲ್ಲಿ ತೇವ ಇದ್ದಾಗ ಕೊಡಬೇಕು.

ಅಕ್ಕಡಿ ಸಾಲನ್ನಂತೂ ಬಿಡಬಾರದು. ಎಂಟು ಸಾಲು ರಾಗಿಗೆ ಒಂದೆರಡು ಸಾಲು ಅವರೆ ಅಥವಾ ತೊಗರಿ, ಅಂಚಿಗೆ ಹುಚ್ಚೆಳ್ಳು. ಕೂರಿಗೆಯ ಹಿಂದೆ ಕಟ್ಟಿದ ಬಿದಿರಿನ ಕೊಳವೆಯಲ್ಲಿ ಕೈಯಿಂದಲೇ ಕಾಳು ಬಿಟ್ಟರಾಯಿತು. ರಾಗಿ ಕೊಯ್ದ ಮೇಲೆ ಬಿಸಿಲು ಗಾಳಿ ಆಡಿ ಅವರೆ ಹಬ್ಬುತ್ತದೆ. ಆಮೇಲೆ ಮಳೆ ಬಾರದಿದ್ದರೂ ಡಿಸೆಂಬರಿನ ಇಬ್ಬನಿಗೆ ಹೂ ಬಿಟ್ಟು, ಸೊನೆ ಜಿನುಗುವ ಕಾಯಿ ಕೊಡುತ್ತದೆ.