ಆಟಿಯ ತೇವದಲ್ಲಿ ಲೋಹದ ಪ್ರಾಪ್: ಅರ, ಮೈಲುತುತ್ತು, ಮೇಣ

10 ಆಗಸ್ಟ್ 2025, ಭಾನುವಾರ
ಕುಂಬಳೆ

ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು. ಬೆಳಿಗ್ಗೆ ಏಳಕ್ಕೆ ಕೋಣೆಯ ತೇವಾಂಶ ಶೇ. 91, ಉಷ್ಣತೆ 27 ಡಿಗ್ರಿ. ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಶೇ. 80. ಇವತ್ತಿನ ಕೆಲಸದ ಕ್ರಮ ಈ ಎರಡು ಅಂಕಿಗಳ ಮೇಲೆ ನಿಂತಿದೆ. ಬೆಳಿಗ್ಗೆ ಅರ, ಎಮರಿ ಕಾಗದ, ರಾಸಾಯನಿಕ. ಸ್ಪ್ರೇ ಏನಿದ್ದರೂ ಮಧ್ಯಾಹ್ನದ ಮೇಲೆ.

ಮೇಜಿನ ಮೇಲಿರುವುದು ಬಳಸಿ ಹಳತಾದಂತೆ ಕಾಣಿಸಬೇಕಾದ ಎರಡು ಲೋಹದ ಕಿಟ್. 1977ರ ‘ಸ್ಟಾರ್ ವಾರ್ಸ್’ನಲ್ಲಿ ಲ್ಯೂಕ್ ಬಳಸುವ ಬೆಳಕಿನ ಕತ್ತಿಯಾದ ಲೈಟ್‌ಸೇಬರಿನ ಹಿಡಿ ಒಂದು, ಹ್ಯಾನ್ ಸೋಲೋನ ಪಿಸ್ತೂಲು ಇನ್ನೊಂದು. ಇವುಗಳ ಮೂಲ ಪ್ರಾಪ್‌ಗಳು (ಚಿತ್ರೀಕರಣದಲ್ಲಿ ನಟರು ಹಿಡಿದ ವಸ್ತುಗಳು) ಸಿನಿಮಾಕ್ಕೆಂದು ಹೊಸದಾಗಿ ಎರಕ ಹೊಯ್ದವಲ್ಲ. ಸೆಟ್ ಅಲಂಕಾರ ನೋಡಿಕೊಳ್ಳುತ್ತಿದ್ದ ರೋಜರ್ ಕ್ರಿಶ್ಚಿಯನ್ ಲಂಡನ್ನಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಸಿಕ್ಕಿದ ಗ್ರಾಫ್ಲೆಕ್ಸ್ ಫ್ಲ್ಯಾಶಿನ ಹಳೆಯ ಹಿಡಿಯನ್ನೇ ಲೈಟ್‌ಸೇಬರ್ ಮಾಡಿದರು. ಪಿಸ್ತೂಲಿನ ಒಳಗಿರುವುದು ಜರ್ಮನಿಯ ಮೌಸರ್ ಸಿ96. ಹಾಗಾಗಿ ಇವನ್ನು ಹಳತು ಮಾಡುವಾಗ ಮನಸ್ಸಿಗೆ ಬಂದಲ್ಲಿ ಕಪ್ಪು ಬಳಿದು ತುಕ್ಕು ಹಚ್ಚುವಂತಿಲ್ಲ. ಹಿಡಿ ಸವೆದರೆ ಲೇಪದ ಅಡಿಯ ಹಿತ್ತಾಳೆ ಕಾಣಬೇಕು. ಪಿಸ್ತೂಲು ಸವೆದರೆ ಕಪ್ಪಿನ ಅಡಿಯ ಬೂದು ಉಕ್ಕು ಕಾಣಬೇಕು. ಕಡಲ ಪಕ್ಕದ ಈ ಊರಲ್ಲಿ ಇನ್ನೊಂದು ಮಾತೂ ಇದೆ. ಮಂಕು ಬರಿಸುವ ಕೆಲಸವನ್ನು ಉಪ್ಪುಗಾಳಿ ಸಂಬಳವಿಲ್ಲದೆ ಮಾಡಿಕೊಡುತ್ತದೆ. ಅದನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದಷ್ಟೇ ನಮ್ಮ ಪಾಲಿನ ಕೆಲಸ.

ಮೊದಲು ಲೋಹದ ಗುರುತು. ಮಾರುವವರು ‘ಫುಲ್ ಮೆಟಲ್’ ಎಂದು ಬರೆದು ಕೈತೊಳೆದುಕೊಂಡಿರುತ್ತಾರೆ. ಅಯಸ್ಕಾಂತ ಹಿಡಿದರೆ ಉಕ್ಕು ಗೊತ್ತಾಗುತ್ತದೆ. ಉಳಿದದ್ದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಭಾಗವನ್ನು ಒಣಗಿದ್ದಾಗ ತೂಗಿ ಬರೆದಿಡಿ. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯಲ್ಲಿಟ್ಟು ಸೊನ್ನೆಗೆ ತನ್ನಿ. ಭಾಗವನ್ನು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಮಿಲಿಲೀಟರ್ ಅದರ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿದರೆ 2.7ರ ಹತ್ತಿರ ಬಂದದ್ದು ಅಲ್ಯೂಮಿನಿಯಂ, 6.7ರ ಹತ್ತಿರದ್ದು ಸತುವಿನ ಎರಕ, 7.3ರ ಸುತ್ತ ತವರದ ಮಿಶ್ರಣ, 8.4ರಿಂದ 8.7 ಹಿತ್ತಾಳೆ. ಪಿಸ್ತೂಲಿನ ಹಿಡಿಯ ಚೌಕಟ್ಟು 134 ಗ್ರಾಂ, ನೀರಿನಲ್ಲಿ 20. ಸತುವು, ಸಂಶಯವಿಲ್ಲ. ಮೂಲೆಗಳಲ್ಲಿ ಗಾಳಿಗುಳ್ಳೆ ಕೂತರೆ ಲೆಕ್ಕ ತಪ್ಪುವುದರಿಂದ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಬಿದ್ದಿರಲಿ. ಪಿಸ್ತೂಲಿನ ಮೇಲೆ ಕೂರುವ ದುರ್ಬೀನಿನ ಕೊಳವೆ ಅಲ್ಯೂಮಿನಿಯಂ. ಲೈಟ್‌ಸೇಬರಿನ ನಳಿಕೆ ಕ್ರೋಮ್ ಲೇಪದ ಹಿತ್ತಾಳೆ.

ಸತುವಿನ ಎರಕದಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಉದ್ದಕ್ಕೂ ಉಬ್ಬಿರುತ್ತದೆ. ಸಣ್ಣ ಹಲ್ಲಿನ ಚಪ್ಪಟೆ ಅರದಿಂದ ಅದನ್ನು ಇಳಿಸಿ, 240, 400, 600ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಎಮರಿ ಕಾಗದ) ಕ್ರಮವಾಗಿ ಹಿಡಿದರೆ ಸಾಕು. ಪ್ರತಿ ನಂಬರನ್ನೂ ಹಿಂದಿನದಕ್ಕೆ ಅಡ್ಡ ದಿಕ್ಕಿನಲ್ಲಿ ಉಜ್ಜಬೇಕು. ಹಿಂದಿನ ಗೀರು ಪೂರ್ತಿ ಮಾಯವಾಯಿತೇ ಎಂದು ತಿಳಿಯಲು ಬೇರೆ ಉಪಾಯವಿಲ್ಲ. ಅರ ಹಿಡಿದ ಕೈಗೆ ಇಲ್ಲಿ ಹಿಡಿತ ಬೇಕು. ಎರಕದ ಹೊರಪದರ ಮಾತ್ರ ಗಟ್ಟಿ, ಅದರ ದಪ್ಪ ಅರ್ಧ ಮಿಲಿಮೀಟರಿನ ಒಳಗೆ. ಅದನ್ನು ದಾಟಿದರೆ ಒಳಗಿನ ಗಾಳಿರಂಧ್ರಗಳು ಒಂದೊಂದಾಗಿ ಬಾಯಿ ಬಿಡುತ್ತವೆ, ಉಜ್ಜಿದಷ್ಟೂ ಹೆಚ್ಚುತ್ತವೆ. ಹಾಗೆ ತೆರೆದುಕೊಂಡ ತೂತಿಗೆ ಎಂ-ಸೀಲ್ ತುಂಬಬಹುದಾದರೂ ಮೇಲೆ ಬಣ್ಣ ಬರುವ ಜಾಗದಲ್ಲಿ ಮಾತ್ರ. ರಾಸಾಯನಿಕದಿಂದ ಕಪ್ಪು ಮಾಡುವಲ್ಲಿ ಎಂ-ಸೀಲ್ ಕಪ್ಪಾಗದೆ ಮಚ್ಚೆಯಾಗಿ ಉಳಿಯುತ್ತದೆ.

ಅಲ್ಯೂಮಿನಿಯಂನ ತೊಂದರೆ ಬೇರೆ. ಅದರ ಪುಡಿ ಅರದ ಹಲ್ಲಿಗೆ ಕಚ್ಚಿಕೊಂಡು, ಮುಂದಿನ ಎಳೆತದಲ್ಲಿ ಆಳವಾದ ಗೀರು ಹಾಕುತ್ತದೆ. ಅರಕ್ಕೆ ಮೊದಲೇ ಸೀಮೆಸುಣ್ಣ ತಿಕ್ಕಿಟ್ಟರೆ ಕಚ್ಚುವುದು ಕಡಿಮೆ. ಕಾಗದ ಹಿಡಿಯುವಾಗ ನೀರಿನ ಬದಲು ಚಿಮಿಣಿ ಎಣ್ಣೆ. ಕೊಳವೆಯನ್ನು ಕೈಯಲ್ಲಿ ಉದ್ದುದ್ದ ಉಜ್ಜಬಾರದು. ಲೇತಿನಲ್ಲಿ ತಿರುಗಿ ಬಂದ ವಸ್ತುವಿನ ಮೇಲೆ ಗೆರೆಗಳು ಸುತ್ತ ಇರುತ್ತವೆ. ಒಳಗೆ ಬೋಲ್ಟ್ ಹಾಕಿ ಎರಡೂ ಬದಿ ವಾಷರ್ ಬಿಗಿದು, ಡ್ರಿಲ್ಲಿಗೆ ಕಚ್ಚಿಸಿ ನಿಧಾನವಾಗಿ ತಿರುಗಿಸುತ್ತ ಕಾಗದ ಹಿಡಿದರೆ ಆ ಗೆರೆ ಬರುತ್ತದೆ.

ಈಗ ಕಪ್ಪು. ಉಕ್ಕನ್ನು ಕಾಯಿಸದೆ ಕಪ್ಪು ಮಾಡುವ, ಅಂಗಡಿಯ ಕೋಲ್ಡ್ ಬ್ಲೂ ದ್ರಾವಣದಲ್ಲಿ ಸೆಲೆನಿಯಂ ಇರುತ್ತದೆ, ವಿಷ. ಉಕ್ಕಿನ ಸ್ಕ್ರೂಗಳಿಗೆ ಅದನ್ನು ಬಳಸದೆ ವಿಧಿಯಿಲ್ಲ: ಗ್ಲೌಸ್ ಹಾಕಿ, ಅಡುಗೆಮನೆಯಿಂದ ದೂರ, ಜಗಲಿಯಲ್ಲಿ. ಸತುವಿನ ದೇಹಕ್ಕೆ ಅದು ಬೇಡ, ಮೈಲುತುತ್ತು (ತಾಮ್ರದ ಸಲ್ಫೇಟ್) ಸಾಕು. ಕಂಗಿನ (ಅಡಿಕೆಯ) ತೋಟ ಇರುವ ಮನೆಯಲ್ಲಿ ಈ ತಿಂಗಳು ಹೇಗೂ ಮೈಲುತುತ್ತು ಇರುತ್ತದೆ. ಕೊಳೆರೋಗಕ್ಕೆ ಬಿಡುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮದ್ದು ಸರಿಯಾಯಿತೇ ಎಂದು ನೋಡಲು ಕತ್ತಿಯ ಅಲಗು ಅದ್ದಿ ತೆಗೆಯುತ್ತಾರಲ್ಲ, ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುವುದರಿಂದ ಆ ಕೆಂಪು. ಸತುವಿನ ಮೇಲೂ ಇದೇ ನಡೆಯುತ್ತದೆ, ಆದರೆ ಅಲ್ಲಿ ತಾಮ್ರ ಅತಿ ಸಣ್ಣ ಕಣವಾಗಿ ಕೂರುವ ಕಾರಣ ಕಣ್ಣಿಗೆ ಕಪ್ಪು.

ಅಳತೆ: 100 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ 5 ಗ್ರಾಂ ಮೈಲುತುತ್ತು, ಪ್ಲಾಸ್ಟಿಕ್ ಡಬ್ಬಿಯಲ್ಲಿ. ಭಾಗವನ್ನು ಮೊದಲು ಸೋಪಿನಲ್ಲಿ ತಿಕ್ಕಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಹೆಬ್ಬೆರಳಿನ ಎಣ್ಣೆ ಇದ್ದಲ್ಲಿ ಗೆರೆಗೆರೆಯಾಗಿ ಬೆರಳಚ್ಚೇ ಮೂಡುತ್ತದೆ. ಹತ್ತಿಯಿಂದ ಹಚ್ಚಿ 20 ಸೆಕೆಂಡ್ ಬಿಟ್ಟು ತೊಳೆಯಬೇಕು. ಮೊದಲ ಸಲ ಬರುವುದು ಕಂದುಬೂದು. ಒಣಗಿಸಿ ಪುನಃ ಹಚ್ಚಿ. ಎರಡು ಮೂರು ಕೈಗೆ ಕಪ್ಪು ತುಂಬುತ್ತದೆ. ಅವಸರಕ್ಕೆ ದ್ರಾವಣ ದಪ್ಪ ಮಾಡಿದರೆ ಪದರ ಸಡಿಲಾಗಿ ಬಟ್ಟೆಗೆ ಮಸಿಯ ಹಾಗೆ ಬರುತ್ತದೆ. ಬೇಗ ಆಗಲೆಂದು ಉಪ್ಪು ಹಾಕುವವರಿದ್ದಾರೆ. ಮೈಲುತುತ್ತು ಮತ್ತು ಉಪ್ಪಿನ ನೀರು ಚಿತ್ರಮುದ್ರಣದವರು ಸತು, ಅಲ್ಯೂಮಿನಿಯಂ ಫಲಕಗಳನ್ನು ಕೊರೆಯಲು ಬಳಸುವ ದ್ರಾವಣ, ಅಂಚುಗಳನ್ನು ತಿಂದುಹಾಕುತ್ತದೆ. ಅಲ್ಯೂಮಿನಿಯಂ ಮುಳುಗಿಸಿದರೆ ಬಿಸಿಯಾಗಿ ನೊರೆ ಏಳುತ್ತದೆ. ಉಪ್ಪಿನ ಡಬ್ಬಿ ದೂರವಿರಲಿ. ಕೊನೆಯಲ್ಲಿ ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಹೇರ್ ಡ್ರೈಯರ್ ಹಿಡಿಯಬೇಕು. ಸಂದಿಯಲ್ಲಿ ನೀರು ಉಳಿದರೆ ಈ ಹವೆಯಲ್ಲಿ ಬೆಳಗಾಗುವುದರೊಳಗೆ ಬಿಳಿ ಹೂವು, ಅಂದರೆ ಸತುವಿನ ಬಿಳಿ ತುಕ್ಕು. ಮೇಲೆ ತಾಮ್ರ, ಅಡಿಯಲ್ಲಿ ಸತು, ನಡುವೆ ತೇವ ಇದ್ದಾಗ ಸವೆಯುವುದು ಸತುವೇ.

ಕಪ್ಪಾದ ಮೇಲೆ ಸವೆತ. ಇದಕ್ಕೆ 0000 ಸ್ಟೀಲ್ ವೂಲ್ (ಅತಿ ನಯವಾದ ಉಕ್ಕಿನ ನಾರು), ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನ ಚೂರು, ಬೇರೇನೂ ಬೇಡ. ಪಿಸ್ತೂಲನ್ನು ಚರ್ಮದ ಒರೆಗೆ ಹಾಕಿ ತೆಗೆದಾಗ ಏನು ತಾಗುತ್ತದೆ ಎಂದು ಯೋಚಿಸಿದರೆ ಜಾಗ ತಾನಾಗಿ ಗೊತ್ತಾಗುತ್ತದೆ: ನಳಿಗೆಯ ತುದಿ, ಅದರ ಎರಡು ಬದಿ, ದುರ್ಬೀನು ಕೂರಿಸಿದ ಪಟ್ಟಿಯ ಹೊರ ಅಂಚು, ಟ್ರಿಗರಿನ ಸುತ್ತಿನ ಬಳೆ. ಒಳಮೂಲೆಗಳಿಗೆ ಕೈ ಹೋಗುವುದಿಲ್ಲ, ಅಲ್ಲಿ ಕಪ್ಪು ದಟ್ಟವಾಗಿಯೇ ಇರಬೇಕು. ಅಂಚನ್ನು ಒಂದೇ ಅಗಲದ ಬೆಳ್ಳಿಗೆರೆಯಾಗಿ ಉಜ್ಜಿದ ಪಿಸ್ತೂಲುಗಳ ಫೋಟೋ ಬಹಳ ಕಾಣುತ್ತವೆ. ನಮ್ಮ ಕಣ್ಣಿಗೆ ಅವು ಗಡಿಗೆರೆ ಎಳೆದ ಚಿತ್ರಗಳು. ಸವೆತ ಒಂದು ಕಡೆ ಅಗಲ, ಒಂದು ಕಡೆ ಇಲ್ಲವೇ ಇಲ್ಲ. ಉಜ್ಜಿ ಹೊರಬಂದ ಸತು ಸ್ವಲ್ಪ ನೀಲಿಬೂದು, ಉಕ್ಕಿಗೆ ಹತ್ತಿರ. ಅದರ ಮೇಲೆ 6ಬಿ ಪೆನ್ಸಿಲಿನ ಪುಡಿಯನ್ನು ಬೆರಳಲ್ಲಿ ತಿಕ್ಕಿದರೆ ವ್ಯತ್ಯಾಸ ಹೇಳುವುದು ಕಷ್ಟ.

ಲೈಟ್‌ಸೇಬರಿನ ಹಿಡಿಗೆ ಬಂದರೆ, ಕ್ರೋಮ್ ಗಟ್ಟಿ, ಸ್ಟೀಲ್ ವೂಲಿಗೆ ಜಗ್ಗುವುದಿಲ್ಲ. 600ರ ವಾಟರ್ ಪೇಪರನ್ನು ಸಣ್ಣ ಮರದ ಚೂರಿಗೆ ಸುತ್ತಿ, ನಳಿಕೆಯನ್ನು ಬಿಗಿಯುವ ಕ್ಲಾಂಪಿನ ಅಂಚು ಮತ್ತು ತಳದ ಉಂಗುರದ ಮೇಲೆ ಮಾತ್ರ. ಕ್ರೋಮ್ ಹೋದಾಗ ಕೆಳಗೆ ನಿಕ್ಕಲ್ ಕಾಣುತ್ತದೆ. ಅದು ತುಸು ಹಳದಿ ಛಾಯೆಯ ಬಿಳಿ. ಅದನ್ನೂ ದಾಟಿದರೆ ಹಿತ್ತಾಳೆ. ಮೂರೂ ಒಂದರ ಪಕ್ಕ ಒಂದು ಕಾಣುವ ಹಾಗೆ ನಿಲ್ಲಿಸಿದರೆ ಸವೆತ ನಂಬುವಂತಿರುತ್ತದೆ. ಅಲ್ಯೂಮಿನಿಯಂ ಕಿಟ್ ಆಗಿದ್ದರೆ ಎಷ್ಟು ಉಜ್ಜಿದರೂ ಹಿತ್ತಾಳೆ ಬಾರದು, ಬಣ್ಣವೇ ಗತಿ.

ಈಗತಾನೇ ಹೊರಬಂದ ಹಿತ್ತಾಳೆ ಕಣ್ಣು ಕುಕ್ಕುವ ಹಳದಿ. ಅದನ್ನು ಮಂಕು ಮಾಡಲು ಮುಚ್ಚಿದ ಡಬ್ಬಿಯಲ್ಲಿ ಅಮೋನಿಯಾ ಹಬೆ ಕೊಡುವ ಪದ್ಧತಿ ಇದೆ. ತೆಳುವಾದ ನಳಿಕೆಗೆ ಅದು ಅಪಾಯ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಕುದುರೆಲಾಯದಲ್ಲಿಟ್ಟಾಗ ತಾವಾಗಿ ಸೀಳುತ್ತಿದ್ದವು. ಕುದುರೆಮೂತ್ರದ ಅಮೋನಿಯಾ, ಮಳೆಯ ತೇವ, ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದ ಬಿಗಿತ, ಈ ಮೂರೂ ಕೂಡಿದ್ದೇ ಕಾರಣವೆಂದು ಖಚಿತವಾದದ್ದು 1921ರಲ್ಲಿ. ಕ್ಲಾಂಪ್ ಬಿಗಿದ ನಳಿಕೆ ಅದೇ ಜಾತಿಯದ್ದು. ಇಲ್ಲಿ ಒಂದೆರಡು ವಾರ ಕಿಟಕಿಯ ಬಳಿ ಬಿಟ್ಟರೆ ಹಿತ್ತಾಳೆ ತಾನೇ ಕಂದಾಗುತ್ತದೆ. ಬಿಡುವುದೇ ಲೇಸು. ಜಾಸ್ತಿಯಾದರೆ ಹುಣಸೆಹುಳಿ ಇದೆ.

ಮಧ್ಯಾಹ್ನದ ಸ್ಪ್ರೇ. ಮಳೆಗಾಲದಲ್ಲಿ ಸ್ಪ್ರೇ ಬಿಳಿಚಿಕೊಳ್ಳುವುದು ಡಬ್ಬಿಯ ದೋಷವಲ್ಲ. ದ್ರಾವಕ ಆರುವಾಗ ಲೋಹದ ಮೈ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಲೋಹದ ಉಷ್ಣತೆ ಇಬ್ಬನಿಬಿಂದುವಿಗಿಂತ (ಗಾಳಿಯ ನೀರು ಹನಿಯಾಗತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು. 27 ಡಿಗ್ರಿ, ಶೇ. 91 ಇದ್ದಾಗ ಆ ಅಂತರ ಎರಡು ಡಿಗ್ರಿಯೂ ಇಲ್ಲ, ಶೇ. 80ಕ್ಕೆ ಇಳಿದರೆ ಮೂರೂವರೆ ದಾಟುತ್ತದೆ. ಸಾಲದಿದ್ದರೆ ರಟ್ಟಿನ ಪೆಟ್ಟಿಗೆಯಲ್ಲಿ 60 ವಾಟ್‌ನ ಹಳೆಯ ಬಲ್ಬು ಉರಿಸಿ ಭಾಗವನ್ನು ಬೆಚ್ಚಗೆ ಮಾಡಿ, ಹೊರಗೆ ತಂದು, ಬಲ್ಬು ಆರಿಸಿದ ಮೇಲೆಯೇ ಸ್ಪ್ರೇ. ಕೊಬ್ಬರಿ ಗೂಡಿನ ಬಿಸಿ ಬೇಡ. ಅಲ್ಲಿನ ಹೊಗೆಗೂ ಎಣ್ಣೆಪಸೆಗೂ ಬಣ್ಣ ಹಿಡಿಯುವುದಿಲ್ಲ.

ದುರ್ಬೀನಿಗೆ ವಾಹನದ ಪೇಂಟ್ ಅಂಗಡಿಯ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ತುಸು ಕೊರೆದು ಹಿಡಿಯುವ ಅಡಿಬಣ್ಣ, ತೆಳುವಾಗಿ ಒಂದು ಕೈ, ಆಮೇಲೆ ಸ್ಯಾಟಿನ್ ಕಪ್ಪು. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಕಬ್ಬಿಣಕ್ಕಷ್ಟೇ. ಸತುವಿನ ಮೇಲೆ ಎಣ್ಣೆಬಣ್ಣವನ್ನು ನೇರವಾಗಿ ಬಳಿದರೆ, ಸತುವಿನ ಕ್ಷಾರ ಎಣ್ಣೆಯನ್ನು ಸಾಬೂನು ಮಾಡಿ ಕೆಲವು ತಿಂಗಳಲ್ಲಿ ಹಾಳೆಹಾಳೆಯಾಗಿ ಎಬ್ಬಿಸುತ್ತದೆ. ಪಿಸ್ತೂಲಿನ ದೇಹಕ್ಕೆ ಇಂದು ಸ್ಯಾಟಿನ್ ಅಕ್ರಿಲಿಕ್ ಕ್ಲಿಯರ್ (ಬಣ್ಣವಿಲ್ಲದ ಲೇಪ) ಮೂರು ತೆಳು ಕೈ ಮುಗಿಯಿತು, 20 ಸೆಂ.ಮೀ. ದೂರದಿಂದ, ನಡುವೆ ಕಾಲು ಗಂಟೆ ಬಿಟ್ಟು.

ನಾಳೆ ಸಂಜೆಯ ಮೊದಲು ವಾಶ್ (ಸಂದಿಗಳಲ್ಲಿ ಕೊಳೆಯಂತೆ ಕಾಣುವ ತೆಳು ಬಣ್ಣ) ಹಾಕುವಂತಿಲ್ಲ. ಬರ್ಂಟ್ ಅಂಬರ್ ಎಣ್ಣೆಬಣ್ಣ ಎರಡು ಪಾಲು, ಕಪ್ಪು ಒಂದು ಪಾಲು, ಎಲ್ಲ ಸೇರಿದ್ದಕ್ಕೆ ಹತ್ತರಷ್ಟು ಮಿನರಲ್ ಟರ್ಪೆಂಟೈನ್. ಎನ್‌ಸಿ ಥಿನ್ನರ್ ಹಾಕಿದರೆ ಅಡಿಯ ಕ್ಲಿಯರ್ ಕರಗುತ್ತದೆ. ಸಂದಿಗಳಿಗೆ ಬಿಟ್ಟು ಅರ್ಧ ಗಂಟೆಯ ನಂತರ ಒಣ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ ಒರಸಿದರೆ ಕೊಳೆ ಕೂರಬೇಕಾದಲ್ಲಿ ಕೂರುತ್ತದೆ. ಕಿತ್ತಳೆ ತುಕ್ಕು ಉಕ್ಕಿನ ಸ್ಕ್ರೂಗಳ ಸುತ್ತ ಮಾತ್ರ, ಅದೂ ಚಿಟಿಕೆಯಷ್ಟು. ಅಲ್ಯೂಮಿನಿಯಂಗೆ ತುಕ್ಕಿನ ಬಣ್ಣ ಹಚ್ಚುವುದು ನೋಡಿದರೆ ಸಿಟ್ಟೇ ಬರುತ್ತದೆ. ಅದಕ್ಕೆ ಬರುವುದು ಬೂದುಬಿಳಿ ಪುಡಿ.

ಕೊನೆಯದು ಮೇಣ. ಬ್ರಿಟಿಷ್ ಮ್ಯೂಸಿಯಂನವರು ರೂಪಿಸಿದ ರೆನೆಸಾನ್ಸ್ ವ್ಯಾಕ್ಸ್ ಸಿಕ್ಕಿದರೆ ಒಳ್ಳೆಯದು, ಬೆಲೆ ಹೆಚ್ಚು. ಇಲ್ಲದಿದ್ದರೆ ಪ್ಯಾರಾಫಿನ್ ಮೇಣ ಒಂದು ಪಾಲು, ಟರ್ಪೆಂಟೈನ್ ಮೂರು ಪಾಲು; ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಬೆಂಕಿಯ ಮೇಲೆ ನೇರವಾಗಿ ಬೇಡ. ಲೋಹ ಕೈಗೆ ಬೆಚ್ಚಗೆ ತಾಗುವಷ್ಟಾದಾಗ ಹಚ್ಚಿ ಒರಸಬೇಕು. ಹಿತ್ತಾಳೆಗೆ ತೆಂಗಿನೆಣ್ಣೆ ಸವರುವ ಅಭ್ಯಾಸ ನಮ್ಮಲ್ಲಿದೆ. ಎಣ್ಣೆ ಕಮಟಾದಾಗ ಅದರ ಆಮ್ಲ ತಾಮ್ರದೊಡನೆ ಸೇರಿ ಹಸಿರು ಕಿಲುಬಾಗುತ್ತದೆ. ಹಿತ್ತಾಳೆ, ಉಕ್ಕಿನ ಸ್ಕ್ರೂಗಳನ್ನು ಅಲ್ಯೂಮಿನಿಯಂಗೆ ಹಾಕುವಾಗ ಎಳೆಗೆ ವ್ಯಾಸಲೀನ್. ಹಾಕದಿದ್ದರೆ ಮುಂದಿನ ಆಟಿಗೆ ಸ್ಕ್ರೂ ತಿರುಗುವುದಿಲ್ಲ.

ಉಳಿದ ಮೈಲುತುತ್ತಿನ ನೀರು, ತೊಳೆದ ನೀರು ಎಲ್ಲ ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿದೆ. ಬಾವಿಕಟ್ಟೆಯ ಹತ್ತಿರವೂ ತೋಡಿಗೂ ಚೆಲ್ಲುವಂತಿಲ್ಲ. ಮೀನಿಗೆ ತಾಮ್ರ ವಿಷ. ಸುಣ್ಣದ ನೀರು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಅದ್ದಿದ ಬ್ಲೇಡಿನ ಮೇಲೆ ಕೆಂಪು ಕೂರದಷ್ಟಾದಾಗ ನಿಲ್ಲಿಸಿದ್ದಾಯಿತು. ತಳದಲ್ಲಿ ನಿಂತ ನೀಲಿ ಗಸಿಯನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ಕಟ್ಟಿಡಬೇಕು, ಬಿಸಿಲು ಬಂದ ದಿನ.