ಆರಿಂಚಿನ ಕನ್ನಡಿ: 220ರ ಪುಡಿಗೆ ಬಂದು ನಿಂತಿದೆ

ಮೊದಲ ವಾರ

ಆರು ಇಂಚಿನ ಎರಡು ದಪ್ಪ ಗಾಜಿನ ಬಿಲ್ಲೆ, 80 ನಂಬರಿನ ಕಾರ್ಬೊರಂಡಮ್ ಪುಡಿ (ಗಾಜು ತೇಯುವ ಗಟ್ಟಿ ಪುಡಿ; ನಂಬರು ಹೆಚ್ಚಿದಷ್ಟೂ ನುಣುಪು), ಹಿತ್ತಿಲಲ್ಲಿ ಕದಲದ ಹಾಗೆ ನೀರು ತುಂಬಿಟ್ಟ ಡ್ರಮ್ಮು. ಟೆಲಿಸ್ಕೋಪಿನ ಕನ್ನಡಿ ಶುರುಮಾಡಲು ಇಷ್ಟು ಸಾಕು. ಕೆಳಗಿನ ಬಿಲ್ಲೆಯ ಮೇಲೆ ಪುಡಿ, ನೀರು ಹಾಕಿ, ಮೇಲಿನದನ್ನು ಅಂಚು ದಾಟಿಸಿ ಹಿಂದೆಮುಂದೆ ತೇಯಬೇಕು. ಆಗಾಗ ಬಿಲ್ಲೆ ತಿರುಗಿಸಬೇಕು, ನಾವೂ ಡ್ರಮ್ಮಿಗೆ ಸುತ್ತು ಹಾಕಬೇಕು. ತೇಯ್ದಷ್ಟೂ ಮೇಲಿನದು ನಡುವೆ ತಗ್ಗಾಗುತ್ತೆ, ಕೆಳಗಿನದು ಉಬ್ಬುತ್ತೆ. ಅಚ್ಚು ಬೇಡ, ಯಂತ್ರ ಬೇಡ.

"ಗಂಧ ತೇಯ್ದಿದ್ರೆ ದೇವರಿಗಾದ್ರೂ ಆಗ್ತಿತ್ತಲ್ಲೋ" ಅಂದರು ಅಮ್ಮ.

ಮೂರನೇ ವಾರ

ನನಗೆ ಬೇಕಾದ ಸಂಗಮ ದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗಕ್ಕಿರುವ ದೂರ, 48 ಇಂಚು. ಅದಕ್ಕೆ ನಡುವಿನ ತಗ್ಗು ಬರೀ 1.19 ಮಿ.ಮೀ. ಇರಬೇಕು. ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು, ನಡುವೆ 1.2 ಮಿ.ಮೀ. ಡ್ರಿಲ್ ಬಿಟ್ ತೂರಿಸಿ ನೋಡಿದೆ. ಹೋಗಲಿಲ್ಲ; 0.9ರದ್ದು ಹೋಯಿತು. ಅಂದರೆ ಸಂಗಮ ಇನ್ನೂ 1.6 ಮೀಟರ್ (ಸುಮಾರು 63 ಇಂಚು) ದೂರದಲ್ಲಿದೆ. ತೇಯ್, ತೇಯ್.

ಐದನೇ ವಾರ

ಬಿಟ್ ತೂರಿತು! ತೇಯ್ದ ಗಾಜು ಮಂಕಾಗಿರುತ್ತೆ, ಏನೂ ಕಾಣಲ್ಲ. ನೀರು ಸವರಿದರೆ ಒಂದೆರಡು ಕ್ಷಣ ಕನ್ನಡಿಯಾಗುತ್ತೆ. ಹಾಗೆ ಸವರಿ ಬಿಸಿಲನ್ನು ಗೋಡೆಗೆ ಬಿಟ್ಟೆ. ಹಿಂದೆ ಸರಿದಂತೆ ಬೆಳಕಿನ ಮಚ್ಚೆ ಕುಗ್ಗುತ್ತಾ ಬಂತು, ನಾಲ್ಕು ಅಡಿ ಆಸುಪಾಸಿನಲ್ಲಿ ತೀರಾ ಚಿಕ್ಕದಾಯಿತು. ಆದರೂ ಚುಕ್ಕಿ ಆಗಲಿಲ್ಲ. ಆಗೋದೂ ಇಲ್ಲ: ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ, ಹಾಗಾಗಿ ಈ ಸಂಗಮ ದೂರಕ್ಕೆ ಅವನ ಬಿಂಬವೇ ಸುಮಾರು 11 ಮಿ.ಮೀ. ನಾನು ಗೋಡೆಯ ಮೇಲೆ ನೋಡಿದ್ದು ಬರೀ ಬೆಳಕಲ್ಲ, ಸೂರ್ಯನ ಚಿತ್ರ.

ಏಳನೇ ವಾರ

220ರ ಪುಡಿಗೆ ಹೋದ ದಿನವೇ 'ಕರ್' ಅಂತ ಸದ್ದು. ಡ್ರಮ್ಮಿನ ಅಂಚಲ್ಲಿ ಅಂಟಿಕೊಂಡಿದ್ದ 80ರ ಒಂದು ಕಣ ಉದ್ದಕ್ಕೂ ಗೀರಿತ್ತು. ಸರಿಯಾಗಿ ತೊಳೆಯದ್ದು ನಾನೇ. ಅದು ಮಾಯವಾಗಲು ಎರಡು ಸಂಜೆ ಹಿಡಿಯಿತು.

ಈ ವಾರ

ರಾತ್ರಿ ಕನ್ನಡಿಯನ್ನು ನಿಲ್ಲಿಸಿ, ಒದ್ದೆ ಮಾಡಿ, ಕಣ್ಣ ಪಕ್ಕ ಟಾರ್ಚ್ ಹಿಡಿದು ತಲೆ ಅತ್ತಿತ್ತ ಆಡಿಸಿದೆ. ಬೆಳಕು ನನ್ನ ಜೊತೆಗೇ ಸರಿದರೆ ನಾನು ವಕ್ರತಾ ಕೇಂದ್ರದ (ಕನ್ನಡಿಯ ಬಾಗು ಯಾವ ಗೋಳದ ತುಣುಕೋ ಅದರ ನಡುಬಿಂದು; ಸಂಗಮ ದೂರದ ಎರಡರಷ್ಟು ದೂರದಲ್ಲಿರುತ್ತೆ) ಒಳಗಿದ್ದೇನೆ, ಎದುರು ದಿಕ್ಕಿಗೆ ಸರಿದರೆ ಹೊರಗೆ. ಎರಡೂ ಅಲ್ಲದೆ ಕನ್ನಡಿ ತುಂಬಾ ಒಮ್ಮೆಲೇ ಬೆಳಗಿದ ಜಾಗ 8 ಅಡಿ 3 ಇಂಚು. ಅದರರ್ಧ 49.5 ಇಂಚು, ಸಂಗಮ ದೂರ. ಒಂದೂವರೆ ಇಂಚು ಹೆಚ್ಚಾದರೆ ಏನೂ ಮುಳುಗಿಹೋಗಲ್ಲ.

ಕೆಳಗಿನ ಬಿಲ್ಲೆಗೂ ನೀರು ಹಚ್ಚಿದೆ. ಅದರ ಮುಂದೆ ಎಲ್ಲಿ ನಿಂತರೂ ನೆಟ್ಟಗೇ, ಚಿಕ್ಕದಾಗೇ ಕಾಣುತ್ತೆ. ಸ್ಕೂಟರಿನ ಕನ್ನಡಿ, ಘಾಟಿ ತಿರುವಿನ ಕನ್ನಡಿ ಇದೇ ಜಾತಿ: ಹೆಚ್ಚು ರಸ್ತೆ ತೋರಿಸುತ್ತೆ, ಹಿಂದಿನ ಲಾರಿ ಇರುವುದಕ್ಕಿಂತ ದೂರ ಅನಿಸುತ್ತೆ. ತಗ್ಗಿನದು ಹಾಗಲ್ಲ, ಜಾಗ ನೋಡಿ ಮಾತು ಬದಲಿಸುತ್ತೆ: ನಾಲ್ಕು ಅಡಿಯೊಳಗೆ ಶೇವಿಂಗ್ ಕನ್ನಡಿಯಂತೆ ಮುಖ ದೊಡ್ಡದು, ಎಂಟು ಅಡಿ ದಾಟಿದರೆ ತಲೆಕೆಳಗು. ಒಂದೇ ತೇಯ್ತದಲ್ಲಿ ಹುಟ್ಟಿದ ಅವಳಿಗಳು.

ಮುಂದಿನದು ನುಣುಪಿನ ಪುಡಿಗಳು, ಆಮೇಲೆ ಸೀರಿಯಂ ಆಕ್ಸೈಡ್ ಪಾಲಿಶ್. ಈ ಸಲ ಡ್ರಮ್ಮನ್ನು ಮೂರು ಸಲ ತೊಳೆದಿದ್ದೇನೆ.